ನಿದಿಗೆ ರಸ್ತೆಯಲ್ಲಿ ಸಿಕ್ಕಿಕೊಂಡ ಪಿಸ್ತೂಲು

1998ನೇ ಇಸವಿ. ಶಿವಮೊಗ್ಗದ ಗಾಂಧಿ ಬಜಾರಿಗೆ ಬೆನ್ನು ಹಾಕಿಕೊಂಡಿರುವ ಒಂದು ಅಡ್ಡರಸ್ತೆಯಲ್ಲಿ ನಾನು ಬಂದೂಕು ರಿಪೇರಿ ಅಂಗಡಿ ನಡೆಸುತ್ತಿದ್ದೆ. ಈಗಲೂ ನಡೆಸುತ್ತಿದ್ದೇನೆ, ನಡೆಸುತ್ತಿದ್ದೇನೆ ಅನ್ನುವುದಕ್ಕಿಂತ ಅದೇ ನನ್ನನ್ನು ಎಳೆದುಕೊಂಡು ಹೋಗುತ್ತಿದೆ ಅಂದರೆ ಸರಿ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಬೇರೆ ಕೆಲಸ ಸಿಗುವವರೆಗೆ ಅಂತ ತಂದೆಯವರ ಪಕ್ಕದ ಸ್ಟೂಲಿನ ಮೇಲೆ ಕೂತವನು ಇನ್ನೂ ಎದ್ದಿಲ್ಲ. ಬರುವ ಕೆಲಸ ಹೆಚ್ಚಾಗಿ ಬೆಳೆ ಕಾಯುವವರ ಕೇಪಿನ ಕೋವಿ, ತೋಟಾ ಕೋವಿಗಳದ್ದು. ಚುನಾವಣೆ ಬಂದರೆ ಎಲ್ಲರೂ ಕೋವಿ ಠಾಣೆಗೆ ಒಪ್ಪಿಸಬೇಕು. ವಾಪಸ್ ಸಿಕ್ಕಿದ ಮೇಲೆ ತುಕ್ಕು ತೆಗೆಸಲು ಸಾಲಾಗಿ ಬರುತ್ತಾರೆ. ಆ ವರ್ಷ ಚುನಾವಣೆ ಆಗಿತ್ತು, ಹಾಗಾಗಿ ನನ್ನ ಉಗುರುಗಳೆಲ್ಲ ತುಕ್ಕಿನ ಬಣ್ಣಕ್ಕೆ ತಿರುಗಿದ್ದವು.

ಈ ಕೆಲಸಕ್ಕೆ ಧೈರ್ಯ ಬೇಕು ಅಂತ ಜನ ತಿಳಿದಿದ್ದಾರೆ. ನನ್ನಲ್ಲಿ ಇರುವುದು ಅದರ ತದ್ವಿರುದ್ಧ. ಅಂಗಡಿಗೆ ಬೀಗ ಹಾಕಿ ಅರ್ಧ ದಾರಿ ಹೋದವನು, ಹಾಕಿದೆನೋ ಇಲ್ಲವೋ ಅಂತ ವಾಪಸ್ ಬಂದು ಬೀಗ ಎಳೆದು ನೋಡುವ ಜಾತಿ ನನ್ನದು. ಯಾವ ಆಯುಧ ಕೈಗೆ ಬಂದರೂ ಮೊದಲು ಖಾಲಿ ಇದೆಯೇ ಅಂತ ನೋಡಬೇಕು, ಅದು ನಮ್ಮ ವೃತ್ತಿಯ ಮೊದಲನೇ ನಿಯಮ. ನಾನು ನೋಡುತ್ತೇನೆ, ಕೆಳಗಿಡುತ್ತೇನೆ, ಮತ್ತೆ ಎತ್ತಿ ನೋಡುತ್ತೇನೆ. ಊಟಕ್ಕೆ ಕೂತಾಗ, ಎರಡನೇ ಸಲ ನಿಜವಾಗಿ ನೋಡಿದೆನೋ, ಸುಮ್ಮನೆ ಕಣ್ಣಾಡಿಸಿದೆನೋ ಅಂತ ಯೋಚನೆ ಹತ್ತುತ್ತದೆ. ‘ಗುಂಡು ಅದರಲ್ಲಿಲ್ಲ ಕಣ್ರೀ, ನಿಮ್ಮ ತಲೇಲಿದೆ’ ಅನ್ನುತ್ತಾಳೆ ನನ್ನ ಹೆಂಡತಿ ಶಾರದೆ. ಅವಳ ಮಾತಿನಲ್ಲಿ ತಪ್ಪು ಹುಡುಕಿ ಸೋತಿದ್ದೇನೆ.

ಆ ವರ್ಷ ದಸರಾ ಮುಗಿದು ದೀಪಾವಳಿ ಇನ್ನೂ ಬಂದಿರಲಿಲ್ಲ. ಒಂದು ಸೋಮವಾರ ಬೆಳಿಗ್ಗೆ ನಾಗಭೂಷಣ ಅನ್ನುವವರು ಜೀಪಿನಿಂದ ಇಳಿದು ಒಳಗೆ ಬಂದರು. ಮನೆ ಶಿವಮೊಗ್ಗದಲ್ಲಿ, ಭದ್ರಾವತಿಯಲ್ಲಿ ಒಂದು ಫೌಂಡ್ರಿ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬಿಡಿಭಾಗಗಳನ್ನು ಎರಕ ಹೊಯ್ದು ಕೊಡುತ್ತಿದ್ದರು. ನನ್ನದೇ ವಯಸ್ಸು, ಆದರೆ ನನ್ನ ಹಾಗೆ ಯೋಚನೆ ಮಾಡಿ ಸವೆದ ಮುಖವಲ್ಲ. ಅವರ ಹಿಂದೆ, ಬಾಗಿಲ ಹತ್ತಿರ, ಖಾಕಿ ಅಂಗಿಯ ಮಡಿಕೆ ಕೆಡದ ಹಾಗೆ ನೆಟ್ಟಗೆ ನಿಂತವರು ಅವರ ಗಾರ್ಡ್ ರಂಗಸ್ವಾಮಿ. ಸೈನ್ಯದಿಂದ ಹವಾಲ್ದಾರ್ ಆಗಿ ನಿವೃತ್ತರಾದವರು. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ, ಎಲ್ಲರಿಗೂ ‘ಹವಾಲ್ದಾರ್ರು’.

ನಾಗಭೂಷಣ ಮೇಜಿನ ಮೇಲೆ ಒಂದು ಪಿಸ್ತೂಲು ಇಟ್ಟರು. .32 ಬೋರಿನದು, ಎರಡನೇ ಮಹಾಯುದ್ಧದ ಕಾಲದ ವಿದೇಶಿ ಮಾಲು. ಯುದ್ಧ ಮುಗಿದ ಮೇಲೆ ಹೆಚ್ಚಾಗಿ ಉಳಿದ ಇಂಥವನ್ನು ಸರ್ಕಾರ ವಿಲೇವಾರಿ ಮಾಡುತ್ತಿತ್ತು. ನಾವು ‘ಸರ್ಪ್ಲಸ್’ ಅನ್ನುತ್ತೇವೆ. ಅವರ ತಂದೆ ಹಾಗೆ ಕೊಂಡದ್ದಂತೆ. ಲೈಸೆನ್ಸ್ ಮಗನ ಹೆಸರಿಗೆ ಬಂದಿತ್ತು. ಲೈಸೆನ್ಸ್‌ದಾರರ ಪರವಾಗಿ ಆಯುಧ ಹಿಡಿದು ಓಡಾಡುವ ನೌಕರನನ್ನು ‘ರಿಟೇನರ್’ ಅಂತ ನಮೂದು ಮಾಡಿಸಬಹುದು. ಹವಾಲ್ದಾರ್ರು ಹಾಗೆ ನಮೂದಾದವರು. ಪ್ರತಿ ಬಟವಾಡೆ ಶನಿವಾರ ಶಿವಮೊಗ್ಗದ ಬ್ಯಾಂಕಿನಿಂದ ಭದ್ರಾವತಿಯ ಫೌಂಡ್ರಿಗೆ ಸಂಬಳದ ಹಣ ಹೋಗುವಾಗ ಜೀಪಿನಲ್ಲಿ ಈ ಪಿಸ್ತೂಲು ಸೊಂಟಕ್ಕೆ ಕಟ್ಟಿಕೊಂಡು ಕೂರುವುದು ಅವರ ಕೆಲಸ.

‘ಮೊನ್ನೆ ಶನಿವಾರ ಮ್ಯಾನೇಜರ್‌ಗೆ ಜ್ವರ, ಅದಕ್ಕೆ ನಾನೇ ಜೀಪಲ್ಲಿ ಹೋದೆ,’ ಅಂದರು ನಾಗಭೂಷಣ. ‘ನಿದಿಗೆ ಹತ್ರ ಕಬ್ಬಿನ ಟ್ರ್ಯಾಕ್ಟರ್ ರಸ್ತೆಗೆ ಅಡ್ಡ ನಿಂತಿತ್ತು ಕಣ್ರೀ. ಇಬ್ಬರು ಮುಖಕ್ಕೆ ಟವೆಲ್ ಸುತ್ಕೊಂಡು ಸೀದಾ ಜೀಪಿನ ಕಡೆಗೇ ಬಂದ್ರು. ಹವಾಲ್ದಾರ್ರೇ ಅಂತ ಕೂಗಿದೆ. ಇವರು ಪಿಸ್ತೂಲು ತೆಗೆದ್ರು, ಎಳೆದ್ರು, ಸಿಕ್ಕಿಕೊಳ್ತು. ಇನ್ನೊಂದು ಸಲ ಎಳೆದ್ರು, ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ತು. ಅಷ್ಟರಲ್ಲಿ ಆ ಇಬ್ಬರು ಬಂದು, ಜಾಕ್ ಇದ್ರೆ ಕೊಡಿ ಸ್ವಾಮಿ ಅಂದ್ರು!’

ನನಗೆ ನಗು ಬಂತು, ನುಂಗಿಕೊಂಡೆ.

‘ಜಾಕ್ ಕೇಳೋಕೆ ಬಂದೋರಾದ್ರಿಂದ ಬಚಾವ್. ಬೇರೆ ಏನಾದ್ರೂ ಕೇಳೋಕೆ ಬಂದಿದ್ರೆ?’ ಆಮೇಲೆ ಅವರು ದನಿ ತಗ್ಗಿಸಿದರು, ಆದರೆ ನನ್ನ ಅಂಗಡಿ ದನಿ ತಗ್ಗಿಸಿದರೆ ಕೇಳಿಸದಷ್ಟು ದೊಡ್ಡದಲ್ಲ. ‘ಇವರ ಕೈ ನಡುಗ್ತಿತ್ತು, ನಾನೇ ಕಣ್ಣಾರೆ ನೋಡಿದೆ. ವಯಸ್ಸಾಯ್ತು. ಪಿಸ್ತೂಲು ಸರಿಯಾಗಿದೆ ಅಂತ ನೀವೊಂದು ಲೆಟರ್ ಕೊಡಿ, ಸಾಕು. ಕಾರಣ ಇಲ್ದೆ ಇವರನ್ನ ಕೆಲಸದಿಂದ ಕಳಿಸಿದ್ರೆ ಫೌಂಡ್ರಿ ಜನ ಸುಮ್ನಿರಲ್ಲ. ಲೆಟರ್ ಇದ್ರೆ ಗೌರವವಾಗೇ ಕಳಿಸಬಹುದು.’

ಹವಾಲ್ದಾರ್ರು ಬಾಗಿಲಿನಿಂದಲೇ, ‘ಕೈ ಸರಿಯಾಗೇ ಇದೆ ಸಾರ್,’ ಅಂದರು. ಅಷ್ಟೇ. ಆಮೇಲೆ ರಸ್ತೆ ಕಡೆ ತಿರುಗಿಕೊಂಡರು.

ಫೌಂಡ್ರಿಯ ಗೇಟಿಗೆ ಅಂಟಿಕೊಂಡ ಒಂದು ಕೋಣೆಯಲ್ಲಿ ಅವರೂ ಅವರ ಹೆಂಡತಿಯೂ ಇರುತ್ತಿದ್ದರು ಅಂತ ನನಗೆ ಮೊದಲೇ ಗೊತ್ತಿತ್ತು. ಪೆನ್ಶನ್ ಇತ್ತು, ಮನೆ ಇರಲಿಲ್ಲ. ಕೆಲಸ ಹೋದರೆ ಕೋಣೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೈ ನಡುಗಿದ ಗಾರ್ಡ್ ಅನ್ನುವ ಹೆಸರು ಭದ್ರಾವತಿಯ ಯಾವ ಗೇಟಿಗೆ ಹೋದರೂ ಅವರಿಗಿಂತ ಮುಂಚೆ ಹೋಗಿ ಕೂತಿರುತ್ತದೆ. ನಾನು ರಸೀದಿ ಬರೆದು ಪಿಸ್ತೂಲು ಇಟ್ಟುಕೊಂಡೆ. ಸಾಹುಕಾರರೂ ಹವಾಲ್ದಾರ್ರೂ ಜೀಪು ಹತ್ತಿ ಹೋದರು. ಲೋಹದ ಬಗ್ಗೆ ಅಭಿಪ್ರಾಯ ಕೊಡುವುದು ನನ್ನ ಕೆಲಸ. ಮನುಷ್ಯರ ಬಗ್ಗೆ ಕೊಡು ಅಂದರೆ ಜ್ವರ ಬರುತ್ತದೆ.

ಇಲ್ಲಿ ಸ್ವಲ್ಪ ವಿವರಣೆ ಬೇಕು. ಪಿಸ್ತೂಲಿನ ಹಿಡಿಯೊಳಗೆ ಸೇರಿಸುವ ಗುಂಡಿನ ಪೆಟ್ಟಿಗೆಗೆ ಮ್ಯಾಗಜಿನ್ ಅನ್ನುತ್ತಾರೆ. ಟಾರ್ಚಿನೊಳಗೆ ಸೆಲ್‌ಗಳನ್ನು ಸ್ಪ್ರಿಂಗ್ ಒತ್ತಿ ಹಿಡಿದಿರುವ ಹಾಗೆ, ಅದರೊಳಗೂ ಒಂದು ಸ್ಪ್ರಿಂಗು, ಅದರ ಮೇಲೆ ‘ಫಾಲೋಯರ್’ ಅನ್ನುವ ಪುಟ್ಟ ಹಲಗೆ. ಅದು ಗುಂಡುಗಳನ್ನು ಮೇಲಕ್ಕೆ ತಳ್ಳುತ್ತಿರುತ್ತದೆ. ಮೇಲಿನ ಜಾರುಭಾಗ, ಅಂದರೆ ಸ್ಲೈಡ್, ಹಿಂದಕ್ಕೆ ಹೋಗಿ ಮುಂದೆ ಬರುವಾಗ ಮೇಲಿನ ಗುಂಡನ್ನು ನಳಿಗೆಯ ಬುಡದ ಗೂಡಿಗೆ, ಅಂದರೆ ಚೇಂಬರಿಗೆ ತಳ್ಳುತ್ತದೆ. ಇದು ಫೀಡಿಂಗ್. ಹಾರಿದ ಮೇಲೆ ಖಾಲಿ ಕೋಶವನ್ನು ಒಂದು ಕೊಕ್ಕೆ ಹಿಡಿದು ಹಿಂದಕ್ಕೆ ಎಳೆದು ಹೊರಗೆ ಚಿಮ್ಮಿಸುತ್ತದೆ. ಇದು ಇಜೆಕ್ಷನ್. ಆ ಕೊಕ್ಕೆಯ ಹೆಸರು ಎಕ್ಸ್‌ಟ್ರಾಕ್ಟರ್. ಹಳೇ ಪಿಸ್ತೂಲು ಕೈಕೊಟ್ಟರೆ ನೂರಕ್ಕೆ ತೊಂಬತ್ತು ಸಲ ತಪ್ಪು ಫೀಡಿಂಗ್, ಇಜೆಕ್ಷನ್ ಈ ಎರಡರಲ್ಲಿ ಒಂದರಲ್ಲಿರುತ್ತದೆ. ಹಿಡಿದವರ ಮಣಿಕಟ್ಟು ಸಡಿಲವಾಗಿದ್ದರೂ ಹಾರಿಸುವಾಗ ಸ್ಲೈಡ್ ಪೂರ್ತಿ ಹಿಂದೆ ಹೋಗದೆ ಸಿಕ್ಕಿಕೊಳ್ಳುವುದುಂಟು. ಹಾಗಾಗಿ ಕೈಯ ಮೇಲೆ ಗೂಬೆ ಕೂರಿಸುವುದು ಸುಲಭ. ನಾನೇ ಹಾರಿಸಿ ನೋಡೋಣ ಅಂದರೆ, ಗುಂಡು ಹಾರಿಸುವಾಗ ನನ್ನ ಕೈ ನಡುಗುವಷ್ಟು ಜಿಲ್ಲೆಯಲ್ಲಿ ಯಾರದ್ದೂ ನಡುಗುವುದಿಲ್ಲ. ನನ್ನ ಸಾಕ್ಷಿಗೆ ಬೆಲೆಯಿಲ್ಲ.

ಅದಕ್ಕೆ ಡಮ್ಮಿ ಗುಂಡು ತೆಗೆದೆ. ಮದ್ದಿಲ್ಲದ, ಸಿಡಿಯದ, ಆಕಾರಕ್ಕೆ ಮಾತ್ರ ಗುಂಡು. ಖಾಲಿ ಇದೆಯೇ ಅಂತ ನೋಡಿ, ಮತ್ತೆ ನೋಡಿ, ಡಮ್ಮಿಗಳನ್ನು ಮ್ಯಾಗಜಿನ್ನಿಗೆ ತುಂಬಿ ಸ್ಲೈಡ್ ಎಳೆದು ಬಿಟ್ಟೆ. ಗುಂಡು ಮೂತಿ ತಗ್ಗಿಸಿಕೊಂಡು ಅರ್ಧ ದಾರಿಯಲ್ಲಿ ನಿಂತಿತು. ಇಲ್ಲಿ ಹಾರಿಸುವ ಪ್ರಶ್ನೆಯೇ ಇಲ್ಲ, ಮಣಿಕಟ್ಟಿನ ಪಾತ್ರವೂ ಇಲ್ಲ. ಮೊದಲು ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಸವೆದಿರಬೇಕು ಅಂದುಕೊಂಡು ಅಳೆದೆ, ಮುದಿಯಾಗಿದ್ದರೂ ಬದುಕಿತ್ತು. ಗುಂಡು ಚೇಂಬರಿಗೆ ಹತ್ತುವ ಇಳಿಜಾರನ್ನು ಕನ್ನಡಿ ಹಿಡಿದು ನೋಡಿದೆ, ನುಣುಪಾಗಿತ್ತು. ಅರ್ಧ ದಿನ ಹೀಗೆ ಊರೆಲ್ಲ ಸುತ್ತಿದ ಮೇಲೆ, ಎಲ್ಲಕ್ಕಿಂತ ಮೊದಲು ಬಿಚ್ಚಬೇಕಾಗಿದ್ದ ಮ್ಯಾಗಜಿನ್ನಿನ ತಳ ಬಿಚ್ಚಿದೆ.

ಒಳಗೆ ಹಸಿರು ಬಣ್ಣ.

ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಮಷಿನ್‌ಗಳಿಗೆ ಬಳಿಯುತ್ತಾರಲ್ಲ, ಆ ದಟ್ಟ ಹಸಿರು ಎನಾಮಲ್. ಅದರ ಕೆಳಗೆ ಇನ್ನೊಂದು ಹಸಿರು, ಅದರ ಕೆಳಗೆ ಬೆಳ್ಳಿ ಬಣ್ಣ. ಹಳೇ ಮನೆಯ ಕಿಟಕಿ ಸರಳಿನ ಮೇಲೆ ಇರುವ ಹಾಗೆ ಪದರ ಪದರವಾಗಿ ಕೂತಿತ್ತು. ಫಾಲೋಯರ್ ಜಾರಬೇಕಾದ ಗೋಡೆಗಳೆಲ್ಲ ದಪ್ಪಗಾಗಿ, ಪಾಪ, ಅದು ಉಸಿರು ಕಟ್ಟಿಕೊಂಡು ಮೇಲೆ ಬರುತ್ತಿತ್ತು. ಬರುವುದು ತಡವಾಗಿ ಸ್ಲೈಡ್ ಗುಂಡಿನ ಸೊಂಟಕ್ಕೆ ಗುದ್ದುತ್ತಿತ್ತು. ಹೊರಗಿನ ಮೈಗೆ ಮಾತ್ರ ಯಾರೋ ಥಿನ್ನರ್ ಹಾಕಿ ಒರೆಸಿ ಕಪ್ಪಾಗಿ ಇಟ್ಟಿದ್ದರು. ಅದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಹವಾಲ್ದಾರ್ರು ಗೆದ್ದರು ಅಂತ ಖುಷಿಯಾಗಿ ಚಹಾ ತರಿಸಿದೆ. ಚಹಾ ಬರುವಷ್ಟರಲ್ಲಿ ಖುಷಿ ಹೋಯಿತು. ಯಾಕೆಂದರೆ ಎಕ್ಸ್‌ಟ್ರಾಕ್ಟರ್ ನೋಡಿದೆ: ಕೊಕ್ಕೆಯ ತುದಿ ಚಕ್ಕೆ ಎದ್ದು ಹೋಗಿತ್ತು. ಡಮ್ಮಿಯನ್ನು ಚೇಂಬರಿಗೆ ಹಾಕಿ ಸ್ಲೈಡ್ ಎಳೆದರೆ ಕೊಕ್ಕೆ ಜಾರಿ ಬರುತ್ತಿತ್ತು, ಡಮ್ಮಿ ಅಲ್ಲೇ ಕೂತಿರುತ್ತಿತ್ತು. ನಿದಿಗೆಯಲ್ಲಿ ಎರಡನೇ ಸಲ ಎಳೆದಾಗ ಇನ್ನೂ ಬಿಗಿಯಾದದ್ದು ಇದಕ್ಕೇ; ಮೊದಲನೆಯದು ಹೊರಗೆ ಬರಲಿಲ್ಲ, ಅದರ ಬೆನ್ನಿಗೆ ಇನ್ನೊಂದು ಬಂದು ನುಗ್ಗಿತು. ಈ ತರಹ ಕೊಕ್ಕೆ ಒಡೆಯುವುದಕ್ಕೆ ನನಗೆ ಗೊತ್ತಿರುವ ಕಾರಣ ಒಂದೇ. ಮ್ಯಾಗಜಿನ್ನಿನಿಂದ ಬಂದ ಗುಂಡಿನ ಅಂಚು ಕೆಳಗಿನಿಂದ ಜಾರಿ ಕೊಕ್ಕೆಯೊಳಗೆ ಸೇರಿಕೊಳ್ಳುತ್ತದೆ, ಅದಕ್ಕೆ ನೋವಿಲ್ಲ. ಗುಂಡನ್ನು ಕೈಯಿಂದಲೇ ಚೇಂಬರಿಗೆ ಇಳಿಬಿಟ್ಟು ಸ್ಲೈಡ್ ಬಿಟ್ಟರೆ ಕೊಕ್ಕೆ ಅಂಚಿಗೆ ಬಡಿದು ಅದರ ಮೇಲಿಂದ ಹಾರಿ ದಾಟಬೇಕು. ಐವತ್ತು ವರ್ಷದ ಉಕ್ಕು ಎಷ್ಟು ಸಲ ಹಾರುತ್ತದೆ?

ಮರುದಿನ ಹವಾಲ್ದಾರ್ರನ್ನು ಕರೆಸಿದೆ. ಡಮ್ಮಿಗಳನ್ನು ಮುಂದಿಟ್ಟು, ‘ಬಟವಾಡೆ ದಿನ ಹ್ಯಾಗೆ ಲೋಡ್ ಮಾಡ್ತೀರೋ ಹಾಗೆ ಮಾಡಿ ತೋರಿಸಿ,’ ಅಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ಸ್ಲೈಡ್ ಹಿಂದಕ್ಕೆ ಹಿಡಿದು, ಒಂದು ಡಮ್ಮಿಯನ್ನು ಬೆರಳ ತುದಿಯಲ್ಲಿ, ದೇವರಿಗೆ ಹೂವಿಡುವ ಹಾಗೆ ನಾಜೂಕಾಗಿ ಚೇಂಬರಿಗೆ ಇಳಿಬಿಟ್ಟರು. ಟಪ್ ಅಂತ ಸ್ಲೈಡ್ ಬಿಟ್ಟು ಆಮೇಲೆ ಮ್ಯಾಗಜಿನ್ ಸೇರಿಸಿದರು. ಕೈ ಒಂದಿಷ್ಟೂ ನಡುಗಲಿಲ್ಲ.

‘ಎಷ್ಟು ದಿನದಿಂದ ಹೀಗೆ?’

‘ಎರಡು ವರ್ಷ ಆಗಿರಬೇಕು ಸಾರ್. ಎಳೆದ್ರೆ ಮೊದಲನೇದು ಹತ್ತೋದೇ ಇಲ್ಲ. ಒಂದಾದ್ರೂ ನಳಿಗೇಲಿ ಇರ್ಲಿ ಅಂತ ಬ್ಯಾಂಕ್ ಬಿಟ್ಟ ತಕ್ಷಣ ಹಾಕ್ಕೊಳ್ತಿದ್ದೆ. ಮೊನ್ನೆ ಸಾಹುಕಾರ್ರು ಪಕ್ಕದಲ್ಲೇ ಕೂತಿದ್ರಲ್ಲ. ಜೀಪಲ್ಲಿ ತುಂಬಿದ ಪಿಸ್ತೂಲು ಇಟ್ಕೋಬೇಡಿ ಅಂತ ಅವರದ್ದೇ ಆರ್ಡರು. ಹಾಕ್ಕೊಳ್ಳೋಕೆ ಆಗ್ಲಿಲ್ಲ.’

‘ಫೌಂಡ್ರಿ ಮುಟ್ಟಿದ ಮೇಲೆ ನಳಿಗೇಲಿ ಇರೋದನ್ನ ಹ್ಯಾಗೆ ತೆಗೀತಿದ್ರಿ? ಕೊಕ್ಕೆ ಹಿಡಿಯಲ್ವಲ್ಲ?’

ಅವರು ಸ್ವಲ್ಪ ಸಂಕೋಚಪಟ್ಟರು. ‘ಮೊದಮೊದ್ಲು ಬರ್ತಿತ್ತು. ಈಚೆಗೆ ಮುಂದಿನಿಂದ ತೆಂಗಿನ ಕಡ್ಡಿ ಹಾಕಿ ತಳ್ತಿದ್ದೆ.’

ತುಂಬಿದ ಪಿಸ್ತೂಲಿನ ಬಾಯಿಯ ಮುಂದೆ ಬೆರಳಿಟ್ಟು, ಕಡ್ಡಿ ಹಾಕಿ! ಎರಡು ವರ್ಷದ ಬಟವಾಡೆಗಳೆಲ್ಲ ನನ್ನ ಕಣ್ಣ ಮುಂದೆ ಹಾದುಹೋದವು. ‘ಹವಾಲ್ದಾರ್ರೇ, ನೀವು ಸೈನ್ಯದಲ್ಲಿದ್ದೋರು. ಯಾರಿಗಾದ್ರೂ ಹೇಳಬಾರದಿತ್ತಾ?’

‘ಹೇಳಿದ್ದೆ ಸಾರ್, ಮ್ಯಾನೇಜರ್‌ಗೆ. ಎಳೆದ್ರೆ ಸಿಕ್ಕೊಳ್ಳತ್ತೆ ಅಂದೆ. ನಿಮಗೆ ವಯಸ್ಸಾಯ್ತು ಹವಾಲ್ದಾರ್ರೇ, ಕೈಯಲ್ಲಿ ಕಸುವಿಲ್ಲ ಅಂತ ನಕ್ಕರು. ಆಮೇಲೆ ಹೇಳೋಕೆ ಹೋಗ್ಲಿಲ್ಲ.’

ಆ ದಿನ ಮನೆಯಲ್ಲಿ ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡ ಮೇಲೆ ಸಾರು ಕೇಳಿದೆನಂತೆ. ಶಾರದೆ ಏನಾಯಿತು ಅಂತ ಕೇಳಿದಳು, ಹೇಳಿದೆ. ಬಣ್ಣದ ವಿಷಯ ಹೇಳಿದರೆ ಹವಾಲ್ದಾರ್ರು ಉಳಿಯುತ್ತಾರೆ. ಕೊಕ್ಕೆಯ ವಿಷಯ ಹೇಳಿದರೆ, ನೋಡಿದ್ರಾ ಇವರೇ ಮುರಿದದ್ದು ಅಂತ ಸಾಹುಕಾರರು ಅವರನ್ನು ಕಳಿಸುತ್ತಾರೆ. ಹೇಳದೆ ಕೊಕ್ಕೆ ಹಾಕಿಕೊಟ್ಟರೆ, ನಾಳೆ ಅದೇ ಅಭ್ಯಾಸದಲ್ಲಿ ಹೊಸದನ್ನೂ ಒಡೆದುಕೊಂಡು, ತುಂಬಿದ ಪಿಸ್ತೂಲು ಜೀಪಿನಲ್ಲಿ ಕುಣಿದು...

‘ಇನ್ನೂ ಆಗದೇ ಇರೋದಕ್ಕೆಲ್ಲ ಈಗ್ಲೇ ತಿಥಿ ಮಾಡ್ತಾ ಕೂರಬೇಡಿ,’ ಅಂದಳು. ‘ಇರೋದನ್ನ ಇರೋ ಹಾಗೆ ಹೇಳಿ ಬನ್ನಿ. ಬಣ್ಣ ಬಳಿದೋರು ಯಾರು ಅಂತ ಕೇಳಿದ್ರಾ?’

ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಬಣ್ಣ ಕೆರೆದುಬಿಟ್ಟರೆ ಸಾಕ್ಷಿ ಹೋಯಿತು ಅನ್ನುವ ಭಯದಿಂದ ಏನನ್ನೂ ಮುಟ್ಟದೆ, ಮರುದಿನ ರಿಟೇನರ್ ಆದ ಹವಾಲ್ದಾರ್ರ ಕೈಗೇ ಪಿಸ್ತೂಲು ಕೊಟ್ಟು, ನಾನು ಡಮ್ಮಿಗಳ ಡಬ್ಬಿ ಹಿಡಿದು, ಇಬ್ಬರೂ ಭದ್ರಾವತಿಯ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವರು ಒಂದೇ ಮಾತಾಡಿದ್ದು. ನಿದಿಗೆ ಬಂದಾಗ, ‘ಇಲ್ಲೇ ಸಾರ್,’ ಅಂದರು. ಅಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ರಸ್ತೆ ಪಕ್ಕದಲ್ಲಿ ಜೀಪು, ಲಾರಿಗಳ ಚಕ್ರಕ್ಕೆ ಸಿಕ್ಕ ಕಬ್ಬಿನ ಸಿಪ್ಪೆ ಬಿದ್ದಿತ್ತು.

ಫೌಂಡ್ರಿಯ ಗೇಟು ದಾಟಿದ ಕೂಡಲೇ ನನಗೆ ಅರ್ಥವಾಯಿತು. ಲೇತು ಹಸಿರು. ಡ್ರಿಲ್ಲಿಂಗ್ ಮಷಿನ್ ಹಸಿರು. ಗಾಳಿ ಊದುವ ಬ್ಲೋಯರ್, ಕೈಗಾಡಿ, ಗುದ್ದಲಿಯ ತಲೆ, ಮ್ಯಾನೇಜರ್ ಕೂರುವ ಕಬ್ಬಿಣದ ಕುರ್ಚಿ, ಎಲ್ಲವೂ ಹಸಿರು. ತೂಕದ ಬಟ್ಟುಗಳೂ ಹಸಿರಾಗಿದ್ದವು. ಹಬ್ಬದ ಕುಂಕುಮದ ಬೊಟ್ಟು ಇನ್ನೂ ಎಲ್ಲದರ ಹಣೆಯ ಮೇಲಿತ್ತು. ಭದ್ರಾವತಿಯಲ್ಲಿ ಆಯುಧ ಪೂಜೆ ಅಂದರೆ ಮನೆಯ ಹಬ್ಬಕ್ಕಿಂತ ಹೆಚ್ಚು. ವರ್ಷವಿಡೀ ಅನ್ನ ಕೊಟ್ಟ ಮಷಿನ್ನನ್ನು ತೊಳೆದು, ಬಣ್ಣ ಹೊಡೆದು, ಹೂ ಮುಡಿಸದೆ ಯಾವ ಕೆಲಸಗಾರನೂ ಆ ದಿನ ಮನೆಗೆ ಹೋಗುವುದಿಲ್ಲ.

ಅಲ್ಲಿ ಬಣ್ಣದ ಜವಾಬ್ದಾರಿ ಸೆಲ್ವರಾಜನದ್ದು. ತಮಿಳು ಮನೆಮಾತಿನ, ಮೀಸೆ ನರೆತ, ಸಡಗರದ ಮನುಷ್ಯ. ಮ್ಯಾಗಜಿನ್ ತೋರಿಸಿ ಕೇಳಿದೆ.

‘ನಾನೇ ಸಾರ್!’ ಅಂದ, ಬಹುಮಾನ ಕೊಡಲು ಕರೆದರು ಅನ್ನುವ ಹಾಗೆ. ‘ಮೂರು ವರ್ಷದಿಂದ ವರ್ಷಾ ವರ್ಷಾ ಹೊಡೀತಿದೀನಿ. ಎಲ್ಲರೂ ಮೇಲ್ಗಡೆ ಮಾತ್ರ ಹೊಡೀತಾರೆ, ನಾನು ಒಳಗಡೇನೂ ಬಿಡಲ್ಲ. ತುಕ್ಕು ಬರಬಾರ್ದು ನೋಡಿ. ಚಿಕ್ಕ ಬ್ರಷ್ ಇಟ್ಟಿದೀನಿ ಇದಕ್ಕಂತಾನೇ.’

‘ಹೊರಗೆ ಯಾಕೆ ಒರೆಸಿದೆ?’

‘ಪಿಸ್ತೂಲು ಹಸಿರು ಕಂಡ್ರೆ ಚೆನ್ನಾಗಿರಲ್ಲ ಅಂತ ಮುದಲಾಳಿ ಬೈದ್ರು. ಅದಕ್ಕೆ ಹೊರಗಡೆ ಥಿನ್ನರ್ ಹಾಕಿ ತೆಗೆದೆ. ಒಳಗಡೇದು ಯಾರಿಗೆ ಕಾಣತ್ತೆ?’ ಮುದಲಾಳಿ ಅಂದರೆ ಅವನಿಗೆ ಸಾಹುಕಾರರು.

ನಾಗಭೂಷಣ ಆಫೀಸಿನಲ್ಲಿದ್ದರು. ನಾನು ಮ್ಯಾಗಜಿನ್ ಬಿಚ್ಚಿ ತೋರಿಸಿದೆ, ಮೂರು ಪದರ ತೋರಿಸಿದೆ. ಅವರ ಮುಖ ಬಿಗಿಯಾಯಿತು. ‘ಅಂದ್ರೆ ಪೂಜೆ ಮಾಡಿದ್ದೇ ತಪ್ಪು ಅಂತೀರಾ? ನಮ್ಮ ತಂದೆ ಕಾಲದಿಂದ ಒಂದು ಸ್ಕ್ರೂ ಡ್ರೈವರ್ ಕೂಡ ಬಿಟ್ಟಿಲ್ಲ.’

‘ಪೂಜೆ ತಪ್ಪಲ್ಲ ಸಾರ್, ಪೇಂಟು...’ ಅಂತ ನಾನು ತೊದಲಿದೆ. ಇಂಥ ಹೊತ್ತಿನಲ್ಲಿ ನನಗೆ ಯಾವ ಭಾಷೆಯೂ ಬರುವುದಿಲ್ಲ.

‘ಒಂದು ಚೂರು ಪೇಂಟಿಗೆ ಕೈ ನಡುಗತ್ತಾ? ಕೊಡಿ ಇಲ್ಲಿ.’

ಖಾಲಿ ಇದೆಯೇ ಅಂತ ನಾನು ಎರಡು ಸಲ ನೋಡಿ, ಡಮ್ಮಿ ತುಂಬಿ ಅವರ ಕೈಗೆ ಕೊಟ್ಟೆ. ಅವರು ಸ್ಲೈಡ್ ಎಳೆದು ಬಿಟ್ಟರು. ಸಿಕ್ಕಿಕೊಂಡಿತು. ಬಿಡಿಸಿ ಮತ್ತೆ ಎಳೆದರು. ಸಿಕ್ಕಿಕೊಂಡಿತು. ಸೆಲ್ವರಾಜ ಬಾಗಿಲಲ್ಲಿ ನಿಂತು ಇಣುಕುತ್ತಿದ್ದ, ಹವಾಲ್ದಾರ್ರು ಗೋಡೆ ನೋಡುತ್ತಿದ್ದರು. ನಾಗಭೂಷಣರ ಕಿವಿ ಕೆಂಪಾಯಿತು. ಮ್ಯಾಗಜಿನ್ ಕಿತ್ತು ಮೇಜಿನ ಮೇಲೆ ಕುಕ್ಕಿ, ಸಿಕ್ಕಿಕೊಂಡಿದ್ದ ಡಮ್ಮಿಯನ್ನು ಬೆರಳಿನಿಂದ ಎತ್ತಿ, ಅದನ್ನೇ ಚೇಂಬರಿಗೆ ಇಳಿಬಿಟ್ಟು ಟಪ್ ಅಂತ ಸ್ಲೈಡ್ ಬಿಟ್ಟರು.

‘ಇಷ್ಟಕ್ಕೆ ಇಷ್ಟೊಂದು ರಾದ್ಧಾಂತ ಯಾಕ್ರೀ? ಮೊದಲನೇದನ್ನ ಕೈಯಲ್ಲಿ ಹಾಕಿದ್ರೆ ಆಯ್ತಲ್ಲ!’

ನಾನು ದಾರಿಯುದ್ದಕ್ಕೂ ಹೇಗೆ ಹೇಳಲಿ ಅಂತ ಬೆವರಿದ್ದನ್ನು ಅವರೇ ಮಾಡಿ ತೋರಿಸಿದ್ದರು.

‘ಈಗ ಅದನ್ನ ತೆಗೀರಿ ಸಾರ್,’ ಅಂದೆ.

ಅವರು ಸ್ಲೈಡ್ ಎಳೆದರು. ಸ್ಲೈಡ್ ಬಂತು, ಡಮ್ಮಿ ಬರಲಿಲ್ಲ. ಅಲ್ಲಾಡಿಸಿದರು, ಉಗುರು ಹಾಕಿದರು, ಪಿಸ್ತೂಲನ್ನು ಮೇಜಿನ ಅಂಚಿಗೆ ಕುಟ್ಟಿದರು. ಬರಲಿಲ್ಲ. ‘ಏನ್ ಮಾರಾಯ ಇದು!’ ಅಂತ ಪಿಸ್ತೂಲಿಗೇ ಬೈದರು.

ಹವಾಲ್ದಾರ್ರು ಮೂಲೆಯಲ್ಲಿದ್ದ ಕಡ್ಡಿ ಪೊರಕೆಯಿಂದ ಒಂದು ಕಡ್ಡಿ ಕಿತ್ತರು. ಸಾಹುಕಾರರ ಕೈಯಿಂದ ಪಿಸ್ತೂಲು ತೆಗೆದುಕೊಂಡು, ಕಡ್ಡಿಯನ್ನು ನಳಿಗೆಯ ಬಾಯಿಯಿಂದ ಒಳಗೆ ತೂರಿಸಿ ಒತ್ತಿದರು. ಡಮ್ಮಿ ಹಿಂದಿನಿಂದ ಅವರ ಅಂಗೈಗೆ ಬಿತ್ತು. ಅದನ್ನು ಮೇಜಿನ ಮೇಲೆ ನಿಲ್ಲಿಸಿಟ್ಟು ಹೇಳಿದರು: ‘ನಾನೂ ಹಿಂಗೇ ಮಾಡ್ತಿದ್ದೆ ಸಾರ್, ಎರಡು ವರ್ಷದಿಂದ. ಹಂಗೆ ಹಾಕಿ ಹಾಕಿ ಒಳಗಿನ ಕೊಕ್ಕೆ ಮುರಿದಿದೆಯಂತೆ. ಅದು ಮುರಿದದ್ದು ನಾನೇ.’

‘ನಿಜವಾದ ಗುಂಡನ್ನ? ಹೀಗೆ ಕಡ್ಡಿ ಹಾಕಿ?’

‘ಹೂಂ ಸಾರ್.’

ಸೆಲ್ವರಾಜನಿಗೆ ಬಾಯಿ ತಡೆಯಲಿಲ್ಲ. ‘ಅಣ್ಣನೂ ಕೈಯಲ್ಲೇ ಹಾಕಿದ್ರು, ಮುದಲಾಳಿನೂ ಕೈಯಲ್ಲೇ ಹಾಕಿದ್ರು. ಪೇಂಟು ನಂದು. ಬೈಯೋದಾದ್ರೆ ಎಲ್ಲರಿಗೂ ಸಮವಾಗಿ ಬೈರಿ ಸಾರ್.’

‘ನೀನು ಹೋಗಯ್ಯ ಆಚೆ,’ ಅಂದರು ನಾಗಭೂಷಣ. ಅವನು ಹೋಗಲಿಲ್ಲ. ಸಾಹುಕಾರರು ಆ ಕಡ್ಡಿಯನ್ನು ತೆಗೆದುಕೊಂಡು ಬೆರಳಲ್ಲಿ ತಿರುಗಿಸುತ್ತ ಕೂತರು. ಎರಡು ವರ್ಷ ತಮ್ಮ ಗೇಟಿನ ಕೋಣೆಯಲ್ಲಿ ನಡೆದದ್ದು ಅವರಿಗೆ ಕಾಣುತ್ತಿತ್ತೋ ಏನೋ. ಕೊನೆಗೆ ನನ್ನ ಕಡೆ ನೋಡಿ, ‘ರಿಪೇರಿ ಮಾಡಿ. ಲೆಟರ್ ಬೇಡ ಬಿಡಿ,’ ಅಂದರು. ಹವಾಲ್ದಾರ್ರ ಕಡೆ ತಿರುಗಲಿಲ್ಲ. ಅವರೂ ಅದನ್ನು ನಿರೀಕ್ಷಿಸಿದವರ ಹಾಗೆ ಕಾಣಲಿಲ್ಲ.

ಬಣ್ಣ ತೆಗೆಯಲು ಒಂದು ದಿನ ಹಿಡಿಯಿತು. ಮ್ಯಾಗಜಿನ್ನನ್ನು ಥಿನ್ನರಿನಲ್ಲಿ ನೆನೆಹಾಕಿ, ಬಿದಿರಿನ ಚಕ್ಕೆಯಿಂದ ಕೆರೆದು, ಗೋಡೆಗೆ ಗೀರು ಬೀಳದ ಹಾಗೆ ಒರೆಸಿದೆ. ಕೊಕ್ಕೆಯದ್ದು ಬೇರೆ ಕಥೆ. ಇಂಥ ಪಿಸ್ತೂಲಿನ ಬಿಡಿಭಾಗ ಎಲ್ಲೂ ಸಿಗುವುದಿಲ್ಲ; ಹಳೆಯದನ್ನು ಮಾದರಿ ಇಟ್ಟುಕೊಂಡು ಅರದಲ್ಲಿ ಉಜ್ಜಿ ಉಜ್ಜಿ ಹೊಸದು ಮಾಡಬೇಕು. ಮೊದಲನೆಯದನ್ನು ಹದ ಮಾಡುವಾಗ ಗಡುಸು ಹೆಚ್ಚಾಗಿ ಕೆಡಿಸಿದೆ, ಎರಡನೆಯದು ಕೂತಿತು. ಡಮ್ಮಿಗಳು ಒಂದಾದ ಮೇಲೊಂದು ಹತ್ತಿ, ಒಂದಾದ ಮೇಲೊಂದು ಹೊರಗೆ ಚಿಮ್ಮಿ ಮೇಜಿನ ಕೆಳಗೆಲ್ಲ ಉರುಳಿದವು. ಅವನ್ನು ಹುಡುಕುವುದಕ್ಕೆ ಟಾರ್ಚ್ ಹಿಡಿದುಕೊಂಡು ಮಂಡಿಯೂರಿದ್ದೇ ಆ ಕೆಲಸದ ನನ್ನ ಒಂದೇ ಒಂದು ಸಂಭ್ರಮ.

ನಿಜವಾದ ಗುಂಡಿನ ಪರೀಕ್ಷೆ ಫೌಂಡ್ರಿಯ ಹಿಂಭಾಗದಲ್ಲಿ ಆಯಿತು. ಅಚ್ಚು ಮಾಡುವ ಮರಳಿನ ಆಳೆತ್ತರದ ರಾಶಿ ಅಲ್ಲಿತ್ತು. ಠಾಣೆಗೆ ನಾನೇ ಹೋಗಿ ತಿಳಿಸಿ, ಇನ್ನೊಮ್ಮೆ ಫೋನ್ ಮಾಡಿ ತಿಳಿಸಿದ್ದೆ. ‘ಗೊತ್ತಾಯ್ತು ಸ್ವಾಮಿ’ ಅಂದ ದನಿಯಲ್ಲಿ ಬೇಸರವಿತ್ತು. ಕೆಲಸಗಾರರನ್ನೆಲ್ಲ ದೂರ ನಿಲ್ಲಿಸಿದೆವು. ನಾಗಭೂಷಣರೂ ಬಂದರು.

ಹವಾಲ್ದಾರ್ರು ರಾಶಿಯ ಮುಂದೆ ನಿಂತರು. ಗುಂಡು ತುಂಬಿದ ಮ್ಯಾಗಜಿನ್ ಎಡಗೈಯಲ್ಲಿ, ಪಿಸ್ತೂಲು ಬಲಗೈಯಲ್ಲಿ. ಹೊಸ ಕೊಕ್ಕೆ, ಬಣ್ಣವಿಲ್ಲದ ಗೋಡೆ, ಎಲ್ಲವನ್ನೂ ನಾನು ವಿವರಿಸಿದ್ದೆ, ಅವರೂ ತಲೆ ಆಡಿಸಿದ್ದರು. ಆದರೆ ಅವರ ಹೆಬ್ಬೆರಳು ತನ್ನಷ್ಟಕ್ಕೆ ಮ್ಯಾಗಜಿನ್ನಿನ ಮೇಲಿನ ಗುಂಡನ್ನು ಜಾರಿಸಿ ಹೊರಗೆ ತೆಗೆಯಿತು. ಸ್ಲೈಡ್ ಹಿಂದಕ್ಕೆ ಹೋಯಿತು. ಗುಂಡು ಹಿಡಿದ ಬೆರಳು ಚೇಂಬರಿನ ಹತ್ತಿರ ಬಂದಿತ್ತು.

‘ಹವಾಲ್ದಾರ್ರೇ,’ ಅಂದೆ.

ಅವರು ತಮ್ಮ ಕೈಯನ್ನೇ ನೋಡಿಕೊಂಡರು. ಮರಳ ರಾಶಿಯ ಮುಂದೆ, ಸಾಹುಕಾರರ ಎದುರಿಗೆ, ಆಗ ಮೊದಲ ಬಾರಿಗೆ ಆ ಕೈ ನಡುಗಿದ್ದನ್ನು ನಾನು ಕಂಡೆ. ಗುಂಡನ್ನು ವಾಪಸ್ ಮ್ಯಾಗಜಿನ್ನಿಗೆ ಒತ್ತಿ, ಮ್ಯಾಗಜಿನ್ನನ್ನು ಹಿಡಿಗೆ ಸೇರಿಸಿ, ಕಣ್ಣು ಮುಚ್ಚಿಕೊಂಡು ಸ್ಲೈಡ್ ಎಳೆದು ಬಿಟ್ಟರು. ಹತ್ತಿತು. ಐದು ಗುಂಡು ಹಾರಿಸಿದರು. ಐದು ಖಾಲಿ ಕೋಶಗಳೂ ಬಲಗಡೆಗೆ ಹಾರಿ ಮರಳಿನಲ್ಲಿ ಬಿದ್ದವು. ದೂರದಲ್ಲಿ ಯಾರೋ ಸಿಳ್ಳೆ ಹಾಕಿದರು, ಸೆಲ್ವರಾಜನೇ ಇರಬೇಕು.

‘ಈಗ ಸರಿ ಆಯ್ತಲ್ಲ?’ ಅಂದರು ನಾಗಭೂಷಣ.

‘ಪಿಸ್ತೂಲು ಸರಿ ಆಯ್ತು ಸಾರ್,’ ಅಂದರು ಹವಾಲ್ದಾರ್ರು. ‘ನಂಗೆ ವರ್ಷಕ್ಕೆ ಸ್ವಲ್ಪ ಗುಂಡು ಕೊಡಿಸಿ, ಹೊಡೆದು ನೋಡೋಕೆ. ಕೈ ಎರಡು ವರ್ಷ ಕಲ್ತಿದೆ, ಅದು ಮರೀಬೇಕಲ್ಲ.’

ನಾಗಭೂಷಣ ಈ ಸಲ ಅವರ ಮುಖವನ್ನೇ ನೋಡಿದರು. ‘ಕೊಡಿಸ್ತೀನಿ ಹವಾಲ್ದಾರ್ರೇ,’ ಅಂದರು. ಲೈಸೆನ್ಸಿನ ಮೇಲೆ ಕೊಡುವ ಗುಂಡುಗಳಿಗೆ ಮಿತಿಯಿದೆ, ಅದರಲ್ಲಿ ಒಂದು ಪಾಲನ್ನು ಅವರು ನಿಜವಾಗಿಯೂ ಅದಕ್ಕೆ ಮೀಸಲಿಟ್ಟರು. ಹವಾಲ್ದಾರ್ರು ಆ ಕೋಣೆಯಲ್ಲೇ ಉಳಿದರು. ಕೆಲವು ವರ್ಷದ ಮೇಲೆ ಸಂಬಳವೆಲ್ಲ ಬ್ಯಾಂಕ್ ಖಾತೆಗೆ ಹೋಗತೊಡಗಿತು, ಜೀಪಿನ ಸವಾರಿ ನಿಂತಿತು. ಅವರು ಕೆಲಸ ಬಿಟ್ಟು ಜನ್ನಾಪುರದ ಮಗಳ ಮನೆಗೆ ಹೋದರು. ಹೋಗುವ ಮುಂಚೆ ಅಂಗಡಿಗೆ ಬಂದು ಹೇಳಿ ಹೋದರು. ಅವರ ಕೈ ಮರೆತಿತ್ತೇ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನಗೀಗ ಐವತ್ತು ದಾಟಿದೆ. ಕಣ್ಣು ಮಂಜಾಗಿದೆ, ಸೊಂಟ ಹಿಡಿಯುತ್ತದೆ, ಕೋವಿಗಳೂ ಮೊದಲಿನಷ್ಟು ಬರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಹೆಚ್ಚೇನಿಲ್ಲ. ಮುಂಚೆ ಗಿರಾಕಿ ಬಂದರೆ ‘ಏನು ಕೆಟ್ಟಿದೆ?’ ಅಂತ ಕೇಳುತ್ತಿದ್ದೆ. ಆ ದಸರಾ ಆದ ಮೇಲೆ ‘ಕೆಟ್ಟ ಮೇಲೆ ಇಷ್ಟು ದಿನ ಹ್ಯಾಗೆ ಸುಧಾರಿಸ್ಕೊಂಡ್ರಿ?’ ಅಂತ ಕೇಳುತ್ತೇನೆ. ಮೊದಲನೇ ಪ್ರಶ್ನೆಗೆ ಜನ ಒಂದು ಮಾತಿನಲ್ಲಿ ಉತ್ತರ ಕೊಟ್ಟು ಗಡಿಯಾರ ನೋಡುತ್ತಾರೆ. ಎರಡನೆಯದಕ್ಕೆ ಸ್ವಲ್ಪ ತಡವರಿಸುತ್ತಾರೆ, ಬಾಗಿಲ ಕಡೆ ನೋಡುತ್ತಾರೆ, ಬೈಯುವುದಿಲ್ಲ ಅಂತ ಖಾತ್ರಿಯಾದ ಮೇಲೆ ಕುರ್ಚಿ ಎಳೆದುಕೊಂಡು ಕೂತು ಹೇಳಲು ಶುರುಮಾಡುತ್ತಾರೆ. ನಾನು ಕೈಯಲ್ಲಿದ್ದ ಅರ ಕೆಳಗಿಟ್ಟು ಕೇಳುತ್ತೇನೆ. ರಿಪೇರಿ ಆಮೇಲೆ.